ಕೇಳುವ ಮಕ್ಕಳಿಗೆ ನಮ್ಮ ಉತ್ತರವೇನು?



ಜನವಾಡದ ಸುತ್ತಿನ ಹಳ್ಳಿಗಳಲ್ಲಿ ಮನೆಭೇಟಿಗೆ ಹೋದಾಗ ತಾಯಂದಿರಿಂದ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. "ಫಾದರ್, ನಮ್ಮ ಹುಡುಗ ಸಣ್ಣಾಂವ ಇದ್ದಾಗ ಎಲ್ಲಾ ಜಪ ಬಾಯಿಪಾಠ ಹೇಳ್ತಿದ್ದ. ಈಗ ಐತವಾರ ಎಬ್ಬಿಸಿದ್ರ ಮುಸುಕು ಎಳಕೊಂಡು ಮಲಗ್ತಾನ್ರಿ. ನೀವರೆ ನಾಕು ಮಾತು ಹೇಳ್ರಿ."

ನಾಲ್ಕು ಮಾತು ಹೇಳುವುದು ಸುಲಭ. ನಾನೂ ಬಹಳ ವರ್ಷ ಅದನ್ನೇ ಮಾಡಿದೆ. ಹೇಳುವುದಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕು ಎಂಬುದನ್ನು ನನಗೆ ಕಲಿಸಿದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಆ ಪಾಠಕ್ಕೆ ನಾನು ಬೆಲೆಯನ್ನೂ ತೆರಬೇಕಾಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಕೊಟ್ಟ ತಪ್ಪು ಉತ್ತರ

ಒಂದು ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ದೀಕ್ಷಾಸ್ನಾನದ ಪಾಠ ನಡೆದಿತ್ತು. ಆ ಹುಡುಗ ಎದ್ದು ನಿಂತು ಕೇಳಿದ: "ಫಾದರ್, ಇಲ್ಲಿ ಚರ್ಚಿನ ಪುಸ್ತಕದಾಗ ನಾವು ಕ್ರೈಸ್ತರು. ಸಾಲಿ ದಾಖಲಾತಿಯಾಗ ಬ್ಯಾರೆ ಧರ್ಮ ಬರ್ದದ. ಹಂಗಾದ್ರ ನಾವು ಯಾರ್ರಿ?"

ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು. ಬಹಳ ಮಕ್ಕಳ ಮನಸ್ಸಿನಲ್ಲಿದ್ದುದನ್ನೇ ಅವನು ಬಾಯಿಬಿಟ್ಟು ಕೇಳಿದ್ದ. ನಾನು ಗಲಿಬಿಲಿಗೊಂಡೆ. "ಅದನ್ನೆಲ್ಲ ದೊಡ್ಡವರು ನೋಡಿಕೊಳ್ಳುತ್ತಾರೆ. ನೀನು ಪುಸ್ತಕ ತೆಗೆ" ಎಂದುಬಿಟ್ಟೆ. ಅವನು ಕುಳಿತ. ಮುಂದಿನ ವಾರ ಬಂದ, ಏನೂ ಮಾತನಾಡಲಿಲ್ಲ. ಅದರ ಮುಂದಿನ ವಾರ ಬರಲೇ ಇಲ್ಲ.

ಗುರುಮಠದಲ್ಲಿ ನಾನು ತತ್ವಶಾಸ್ತ್ರ ಓದಿದವನು. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಬರೆದ ದೈವಶಾಸ್ತ್ರದ ಮಹಾಗ್ರಂಥವನ್ನು ನಮಗೆ ಪಾಠ ಮಾಡಿದ್ದರು. ಅದರಲ್ಲಿ ಪ್ರತಿಯೊಂದು ವಿಷಯವೂ ವಿರೋಧದ ವಾದಗಳಿಂದಲೇ ಆರಂಭವಾಗುತ್ತದೆ. ದೇವರು ಇದ್ದಾರೆಯೇ ಎಂಬ ವಿಷಯ ಬಂದಾಗಲೂ ಆ ಸಂತರು ಮೊದಲು ಇಲ್ಲವೆನ್ನುವವರ ವಾದವನ್ನು ಮುಂದಿಟ್ಟು, ಆಮೇಲೆ ತಮ್ಮ ಉತ್ತರ ಕೊಡುತ್ತಾರೆ. ಇದನ್ನೆಲ್ಲ ಓದಿ ಪರೀಕ್ಷೆ ಬರೆದ ನಾನು, ಹದಿನಾಲ್ಕು ವರ್ಷದ ಹುಡುಗನ ಒಂದು ಪ್ರಶ್ನೆಗೆ ಬಾಗಿಲು ಹಾಕಿದ್ದೆ. ಅವನು ದೇವಾಲಯಕ್ಕೆ ಬಾರದಿದ್ದುದಕ್ಕೆ ಮೊಬೈಲನ್ನೋ ಗೆಳೆಯರನ್ನೋ ದೂರುವ ಹಕ್ಕು ನನಗಿರಲಿಲ್ಲ.

ಹನ್ನೆರಡು ವರ್ಷದ ಯೇಸು

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ (2:41–52) ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಕೊಂಡ ಪ್ರಸಂಗವಿದೆ. ಮಾತೆ ಮರಿಯ ಮತ್ತು ಸಂತ ಜೋಸೆಫರು ಹುಡುಕುತ್ತಾ ಹೊರಟು, ಮೂರು ದಿನದ ಮೇಲೆ ಮಗನನ್ನು ಕಾಣುತ್ತಾರೆ. ಆತ ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರು ಹೇಳುವುದನ್ನು ಕೇಳುತ್ತಿದ್ದ, ಅವರಿಗೆ ಪ್ರಶ್ನೆಗಳನ್ನೂ ಹಾಕುತ್ತಿದ್ದ. ಹದಿಹರೆಯದ ಹೊಸ್ತಿಲಲ್ಲಿದ್ದ ಪ್ರಭುವನ್ನು ಶುಭಸಂದೇಶ ನಮಗೆ ತೋರಿಸುವುದು ಇದೊಂದೇ ಕಡೆ, ಇದೊಂದೇ ರೂಪದಲ್ಲಿ.

ಇಲ್ಲಿ ಮೂರು ಸಂಗತಿ ಗಮನಿಸಿ. ಮೊದಲನೆಯದು, ಆ ಬೋಧಕರು "ಸಣ್ಣ ಹುಡುಗ, ನಿನಗೇಕೆ ಇದು" ಎಂದು ಗದರಿಸಿ ಕಳುಹಿಸಲಿಲ್ಲ, ತಮ್ಮ ನಡುವೆ ಕೂಡಿಸಿಕೊಂಡರು. ಎರಡನೆಯದು, ತಾಯಿ ತನ್ನ ನೋವನ್ನು ಮುಚ್ಚಿಡಲಿಲ್ಲ. ನಾವು ಎಷ್ಟು ಕಳವಳಪಟ್ಟು ಹುಡುಕಿದೆವು ಎಂದು ಮಗನಿಗೆ ತಿಳಿಸಿದಳು. ಮಗನ ಉತ್ತರ ಆ ಕ್ಷಣಕ್ಕೆ ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕನೇ ಬರೆಯುತ್ತಾನೆ. ಅರ್ಥವಾಗದ ಮಾತನ್ನು ತಾಯಿ ತಳ್ಳಿಹಾಕದೆ ಹೃದಯದಲ್ಲಿ ಇಟ್ಟುಕೊಂಡಳು. ಮೂರನೆಯದು, ಮಗ ಅವರೊಡನೆ ನಜರೇತಿಗೆ ಇಳಿದು ಹೋಗಿ ವಿಧೇಯನಾಗಿ ಬಾಳಿದ. ಪ್ರಶ್ನೆ ಕೇಳುವುದೂ ವಿಧೇಯನಾಗಿರುವುದೂ ಒಬ್ಬನೇ ಹುಡುಗನಲ್ಲಿ ಒಟ್ಟಿಗೆ ಇದ್ದವು. ಪ್ರಶ್ನೆ ಕೇಳಿದ ಮಾತ್ರಕ್ಕೆ ಮಗು ಕೈತಪ್ಪಿತು ಎಂದು ನಾವೇಕೆ ಹೆದರಬೇಕು?

ಹಳೆಯ ಒಡಂಬಡಿಕೆಯೂ ಇದನ್ನೇ ಕಲಿಸುತ್ತದೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಆಜ್ಞೆಗಳನ್ನು ಮನೆಯಲ್ಲಿ ಕುಳಿತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಂದಿಗೆ ಮಾತನಾಡಬೇಕೆಂದು ಮೋಶೆ ವಿಧಿಸುತ್ತಾನೆ. ಅದೇ ಅಧ್ಯಾಯದ 20ನೆಯ ವಚನದಲ್ಲಿ, ಮುಂದೊಂದು ದಿನ ಮಗನೇ ಬಂದು ಈ ವಿಧಿಗಳ ಅರ್ಥವೇನೆಂದು ಕೇಳುವನು, ಆಗ ನಿಮ್ಮ ಕಥೆಯನ್ನು ಅವನಿಗೆ ಹೇಳಿರಿ ಎನ್ನುತ್ತಾನೆ. ಮಕ್ಕಳು ಕೇಳುತ್ತಾರೆ ಎಂಬುದು ದೇವರಿಗೆ ಮೊದಲೇ ಗೊತ್ತಿತ್ತು. ನಾವು ಸಿದ್ಧರಾಗಿದ್ದೇವೆಯೇ ಎಂಬುದೊಂದೇ ಉಳಿದ ಮಾತು.

ಎರವಲು ವಿಶ್ವಾಸ, ಸ್ವಂತ ವಿಶ್ವಾಸ

ಏಳೆಂಟು ವರ್ಷದ ಮಗುವಿನ ವಿಶ್ವಾಸ ತಾಯಿಯಿಂದ ಬಂದ ಎರವಲು. ಅದರಲ್ಲಿ ತಪ್ಪಿಲ್ಲ. ಆದರೆ ಹದಿಮೂರು, ಹದಿನಾಲ್ಕಕ್ಕೆ ಬುದ್ಧಿ ಬಲಿಯುತ್ತದೆ, ನ್ಯಾಯ ಅನ್ಯಾಯ ಕಣ್ಣಿಗೆ ಬೀಳುತ್ತದೆ. ಆಗ ಅವನು ಎರವಲನ್ನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತಾನೆ. ಇದು ತನ್ನದಾಗಬಲ್ಲದೇ ಎಂದು ಪರೀಕ್ಷಿಸುತ್ತಾನೆ. ಈ ಪರೀಕ್ಷೆಯಿಲ್ಲದೆ ಎರವಲು ಸ್ವಂತವಾಗುವುದಿಲ್ಲ.

ಪ್ರೇಷಿತ ಪೌಲನು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ಅಜ್ಜಿ ಲೋವಿ, ತಾಯಿ ಯೂನಿಕೆಯರ ವಿಶ್ವಾಸವನ್ನು ನೆನೆಯುತ್ತಾನೆ (1:5). ತಂದೆ ಗ್ರೀಕನು ಎಂದು ಪ್ರೇಷಿತರ ಕಾರ್ಯಕಲಾಪಗಳು (16:1) ತಿಳಿಸುತ್ತವೆ. ಅಂದರೆ ಅದು ಎಲ್ಲರೂ ಒಂದೇ ರೀತಿ ಪ್ರಾರ್ಥಿಸುವ ಮನೆಯಾಗಿರಲಿಲ್ಲ. ಅಂಥ ಮನೆಯಿಂದಲೇ ತಿಮೊಥೇಯ ಬಂದ. ನಮ್ಮ ಮನೆಗಳೂ ಹೆಚ್ಚುಕಡಿಮೆ ಹಾಗೆಯೇ ಇವೆ. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ ಆಗುವವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. ಹೀಗಾಗಿ ಅಜ್ಜಿ ತೆಲುಗಿನಲ್ಲಿ ಜಪಸರ ಹೇಳುವ, ತಾಯಿ ಕನ್ನಡದಲ್ಲಿ ಹಾಡುವ ಮನೆಗಳು ನಮ್ಮಲ್ಲಿವೆ. ಔರಾದ, ಭಾಲ್ಕಿ ಕಡೆ ಮರಾಠಿಯೂ ಸೇರುತ್ತದೆ. ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಬೀದಿಯಲ್ಲಿ ಗೆಳೆಯರೊಡನೆ ದಖನಿ ಮಾತನಾಡುತ್ತಾನೆ. ಅವನು ದೇವರೊಡನೆ ಒಬ್ಬನೇ ಇರುವಾಗ ಯಾವ ಭಾಷೆಯಲ್ಲಿ ಮಾತನಾಡುತ್ತಾನೆ? ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಆ ಭಾಷೆಯಲ್ಲೇ ಅವನ ಪ್ರಾರ್ಥನೆ ಬೆಳೆಯಲಿ.

ನಮ್ಮ ಮಕ್ಕಳ ಮೂರು ಪ್ರಶ್ನೆಗಳು

ಒಂದು: "ನಾವು ಯಾರು?" ಇದಕ್ಕೆ ಸತ್ಯವನ್ನೇ ಹೇಳಬೇಕು. 1950ರ ಆಗಸ್ಟ್ 10ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯ ಪ್ರಕಾರ ಹಿಂದೂ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಊರು ಅವರನ್ನು ಹಳೆಯ ಕಣ್ಣಿನಿಂದಲೇ ನೋಡುತ್ತದೆ, ಕಾಗದ ಮಾತ್ರ ಬೇರೆ ಹೇಳುತ್ತದೆ. ಮಗನ ಓದು ನಿಲ್ಲಬಾರದೆಂದು ಬಡ ತಂದೆ ಶಾಲೆಯ ಫಾರಂ ಮುಂದೆ ಕುಳಿತು ಪಟ್ಟ ಸಂಕಟವನ್ನು ಮಗನಿಗೆ ತಿಳಿಸಿ. ಆ ತಂದೆಯನ್ನು ಹೀಗಳೆಯುವ ಉಪದೇಶ ಬೇಡ, ಇದರಲ್ಲಿ ಏನೂ ತೊಡಕಿಲ್ಲ ಎಂಬ ಸುಳ್ಳೂ ಬೇಡ. ದೀಕ್ಷಾಸ್ನಾನದಲ್ಲಿ ದೇವರು ನಿನ್ನನ್ನು ಹೆಸರು ಹಿಡಿದು ಕರೆದಿದ್ದಾರೆ, ಯಾವ ದಫ್ತರವೂ ಅದನ್ನು ಅಳಿಸಲಾರದು ಎಂದು ಹೇಳಿ. ಜೊತೆಗೆ, ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ನಿನ್ನ ಅಂತಃಕರಣದ ಮುಂದೆ ನೀನೇ ಇದನ್ನು ವಿಚಾರಿಸಬೇಕಾಗುತ್ತದೆ, ಆಗಲೂ ನಾವು ನಿನ್ನ ಜೊತೆ ಇರುತ್ತೇವೆ ಎಂದು ಹೇಳಿ. ಮಕ್ಕಳು ಕಷ್ಟದ ಸತ್ಯವನ್ನು ತಾಳಿಕೊಳ್ಳಬಲ್ಲರು. ದೊಡ್ಡವರು ಅಡಗಿಸಿಟ್ಟ ಸತ್ಯವೇ ಅವರಿಗೆ ತಾಳಲಾರದ್ದು.

ಎರಡು: "ಎಲ್ಲಾ ಧರ್ಮ ಒಂದೇ ಅಲ್ಲೇನ್ರಿ?" ಈ ನೆಲದಲ್ಲಿ ಹುಟ್ಟಿದ ಮಗು ಇದನ್ನು ಕೇಳದಿದ್ದರೆ ಆಶ್ಚರ್ಯ. ನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿ ಅವನು ಉಂಡಿದ್ದಾನೆ. ಶಾಲೆಯಲ್ಲಿ ಶರಣರ ವಚನ ಕಲಿತಿದ್ದಾನೆ, ಬಸವಕಲ್ಯಾಣ ನೋಡಿದ್ದಾನೆ. ಅಷ್ಟೂರಿನ ಉರುಸಿಗೆ ಹೋಗಿದ್ದಾನೆ. ಮೆಥೋಡಿಸ್ಟ್ ಗೆಳೆಯನೊಡನೆ ಕ್ರಿಸ್ಮಸ್ ಹಾಡು ಹಾಡಿದ್ದಾನೆ. "ಅಲ್ಲಿಗೆಲ್ಲ ಹೋಗಬೇಡ" ಎನ್ನುವುದು ಉತ್ತರವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಎರಡು ಘೋಷಣೆಗಳನ್ನು ಹೊರಡಿಸಿತು. ಒಂದು ಕ್ರೈಸ್ತ ಶಿಕ್ಷಣವನ್ನು ಕುರಿತದ್ದು, ಮಕ್ಕಳಿಗೆ ಹೆತ್ತವರೇ ಮೊದಲ ಗುರುಗಳೆಂದು ಅದು ಸಾರುತ್ತದೆ. ಇನ್ನೊಂದು ಇತರ ಧರ್ಮಗಳನ್ನು ಕುರಿತದ್ದು, ಅವುಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎನ್ನುತ್ತದೆ. ಎರಡೂ ಒಂದೇ ದಿನ ಬಂದವು. ಮಗನಿಗೆ ಹೀಗೆ ಹೇಳಬಹುದು: "ನೆರೆಮನೆಯವರ ಒಳ್ಳೆಯದನ್ನು ಕಂಡು ಸಂತೋಷಪಡು. ಆದರೆ ಒಳ್ಳೆಯವು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಎಂದಾಗುವುದಿಲ್ಲ. ನಾವು ಯೇಸುವನ್ನು ಏಕೆ ಪ್ರಭು ಎನ್ನುತ್ತೇವೆ ಎಂಬುದನ್ನು ಮೊದಲು ತಿಳಿ." ಆಮೇಲೆ ನೀವು ಏಕೆ ಹಾಗೆನ್ನುತ್ತೀರಿ ಎಂದು ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ. ಈ ಉತ್ತರವನ್ನು ಪುಸ್ತಕದಿಂದ ಓದಿ ಹೇಳಲು ಬರುವುದಿಲ್ಲ.

ಮೂರು: "ಪ್ರಾರ್ಥಿಸಿದೆ, ದೇವರು ಕೇಳಲಿಲ್ಲ." ಅಪ್ಪನ ಕುಡಿತ ಬಿಡಲೆಂದು ಜಪಸರ ಹೇಳಿದ ಹುಡುಗಿಯಿದ್ದಾಳೆ. ಅಕ್ಕ ಬದುಕಲೆಂದು ಉಪವಾಸ ಮಾಡಿದ ಹುಡುಗನಿದ್ದಾನೆ. ಇಲ್ಲಿ "ನಿನ್ನ ವಿಶ್ವಾಸ ಕಡಿಮೆಯಾಯಿತು" ಎನ್ನುವುದು ಗಾಯದ ಮೇಲೆ ಬರೆ. ಯೋಬನು ದೇವರೊಡನೆ ವಾದಿಸಿದ. ಪ್ರಭುವೂ ಶಿಲುಬೆಯ ಮೇಲೆ ತಂದೆಯನ್ನು ಕೂಗಿ ಕೇಳಿದರು (ಮತ್ತಾಯ 27:46). ಆ ಕೂಗೂ ಪ್ರಾರ್ಥನೆಯೇ. ಮಗುವಿನ ಪಕ್ಕದಲ್ಲಿ ಕುಳಿತು, "ನನಗೂ ಇದು ತಿಳಿಯದು ಮಗಾ, ಬಾ, ಇಬ್ಬರೂ ಅವರನ್ನೇ ಕೇಳೋಣ" ಎನ್ನಿ.

ಹೆತ್ತವರಿಗೆ

ಮನೆಯನ್ನು ಗೃಹ ಧರ್ಮಸಭೆ ಎಂದು ಮಹಾಸಭೆ ಕರೆದಿದೆ. ಅದಕ್ಕೆ ದೊಡ್ಡ ಏರ್ಪಾಟು ಬೇಕಿಲ್ಲ. ರಾತ್ರಿ ರೊಟ್ಟಿ ತಿನ್ನುವಾಗ ಹತ್ತು ನಿಮಿಷ ಎಲ್ಲರ ಮೊಬೈಲೂ ಬೇರೆ ಕೋಣೆಯಲ್ಲಿರಲಿ, ಮೊದಲು ನಿಮ್ಮದು. ಆ ದಿನದ ಒಂದು ಸಂತೋಷ, ಒಂದು ಬೇಸರ ಎಲ್ಲರೂ ಹೇಳಲಿ. ಅದನ್ನೇ ಹಿಡಿದು ಚಿಕ್ಕ ಪ್ರಾರ್ಥನೆ ಮಾಡಿ, ಅಷ್ಟು ಸಾಕು.

"ಎಸ್ಸೆಸ್ಸೆಲ್ಸಿ ಬಂತು, ಇನ್ನು ಒಂದು ವರ್ಷ ಚರ್ಚು ಬೇಡ" ಎಂದು ನಾವೇ ಹೇಳುತ್ತೇವೆ. ಆಮೇಲೆ ನೀಟ್ ತರಬೇತಿ, ಆಮೇಲೆ ಹೈದರಾಬಾದಿನ ಕಾಲೇಜು. ದೇವರು ಪರೀಕ್ಷೆ ಮುಗಿದ ಮೇಲಿನ ಬಿಡುವಿನ ಕೆಲಸವೆಂದು ಮಗು ಕಲಿತದ್ದು ನಮ್ಮಿಂದಲೇ. ಓದು ಬಿಡಿಸಿ ಕಳುಹಿಸಿ ಎನ್ನುತ್ತಿಲ್ಲ. ಭಾನುವಾರದ ಬಲಿಪೂಜೆಯ ಒಂದು ಗಂಟೆ ಅವನ ರ‍್ಯಾಂಕನ್ನು ಕಸಿಯುವುದಿಲ್ಲ ಎನ್ನುತ್ತೇನೆ.

ತಪ್ಪು ಮಾಡಿದಾಗ ಮಕ್ಕಳ ಮುಂದೆ "ತಪ್ಪಾಯಿತು" ಎನ್ನಿ. ಅಪ್ಪ ಅಮ್ಮನಲ್ಲಿ ಕ್ಷಮೆ ಕೇಳುವುದನ್ನು ಕಂಡ ಮಗುವಿಗೆ ಪಾಪನಿವೇದನೆಯ ಪಾಠ ಅರ್ಧ ಮುಗಿದಂತೆ.

ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ನಾಚಬೇಡಿ. ಇಟಲಿಯ ಬಾಲಕ ಕಾರ್ಲೊ ಅಕ್ಯುಟಿಸ್ 2006ರಲ್ಲಿ, 15ನೆಯ ವಯಸ್ಸಿನಲ್ಲಿ ತೀರಿಕೊಂಡನು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವನನ್ನು ಸಂತ ಪದವಿಗೇರಿಸಿದರು. ಅವನ ತಾಯಿ ಮೊದಲು ದೇವಾಲಯಕ್ಕೆ ಹೆಚ್ಚು ಹೋಗುತ್ತಿದ್ದವರಲ್ಲ. ಪುಟ್ಟ ಮಗನ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ತಾವೇ ದೈವಶಾಸ್ತ್ರ ಕಲಿಯಲು ಹೊರಟು ವಿಶ್ವಾಸಕ್ಕೆ ಮರಳಿದ್ದಾಗಿ ಅವರೇ ಹೇಳಿದ್ದಾರೆ. ಮಗುವಿನ ಪ್ರಶ್ನೆ ಕೆಲವೊಮ್ಮೆ ದೇವರು ನಮಗೇ ಕಳುಹಿಸಿದ ಕರೆ.

ಯುವಜನರ ಸೇವಕರಿಗೆ

ಸಂತ ಜಾನ್ ಬೋಸ್ಕೊ 1884ರಲ್ಲಿ ರೋಮಿನಿಂದ ತಮ್ಮವರಿಗೆ ಬರೆದ ಪತ್ರದ ಸಾರ ಇದು: ಹುಡುಗರನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂದು ಅವರಿಗೆ ತಿಳಿಯಬೇಕು. ಹಾಜರಿ ಪುಸ್ತಕದಲ್ಲಿ ಗೈರು ಹಾಕುವುದಷ್ಟೇ ನಮ್ಮ ಕೆಲಸವಲ್ಲ. ಗೈರಾದವನ ಮನೆಗೆ ಆ ವಾರವೇ ಹೋಗಿ ಬರಬೇಕು.

ಸಭೆ ನಡೆಸಲು ಒಂದು ಹಳೆಯ, ಒಳ್ಳೆಯ ದಾರಿಯಿದೆ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಕರ ನಡುವೆ ಬಳಕೆಗೆ ತಂದದ್ದು: ನೋಡು, ವಿವೇಚಿಸು, ಕಾರ್ಯಗೈ. ಉದಾಹರಣೆಗೆ ಪರೀಕ್ಷೆಯಲ್ಲಿ ನಕಲು ಮಾಡುವ ವಿಷಯ ತೆಗೆದುಕೊಳ್ಳಿ. ನೋಡು: ಯಾರು ನಕಲು ಮಾಡುತ್ತಾರೆ, ಯಾವ ಭಯದಿಂದ? ಮಕ್ಕಳೇ ಹೇಳಲಿ, ನೀವು ಬೈಯಬೇಡಿ. ವಿವೇಚಿಸು: ಶುಭಸಂದೇಶದ ಒಂದು ಭಾಗ ಓದಿ, ಪ್ರಭು ಇಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದರೆ ಏನೆನ್ನುತ್ತಿದ್ದರು ಎಂದು ಕೇಳಿ. ಕಾರ್ಯಗೈ: ಗಣಿತದಲ್ಲಿ ಹಿಂದುಳಿದ ಮೂವರಿಗೆ ಬಲ್ಲವನೊಬ್ಬ ವಾರಕ್ಕೆರಡು ಸಂಜೆ ಕಲಿಸಲಿ. ಮುಂದಿನ ಸಭೆ ಅದರ ವರದಿಯಿಂದಲೇ ಆರಂಭವಾಗಲಿ. ಹೀಗೆ ನಡೆದಾಗ ಧರ್ಮೋಪದೇಶ ಬಾಯಿಪಾಠದಿಂದ ಬದುಕಿಗೆ ಇಳಿಯುತ್ತದೆ.

ಹದಿಹರೆಯದವರಿಗೆ ನಿಜವಾದ ಹೊಣೆ ಕೊಡಿ. ಬೆಂಚು ಎತ್ತಿಡುವುದಕ್ಕೆ ಮಾತ್ರ ಅವರನ್ನು ಕರೆಯಬೇಡಿ. ವಾಚನ ಓದಲಿ, ಹಾಸಿಗೆ ಹಿಡಿದ ಅಜ್ಜಿಯ ಬಳಿ ಹೋಗಿ ಶುಭಸಂದೇಶ ಓದಿ ಬರಲಿ, ಧರ್ಮಕೇಂದ್ರದ ಲೆಕ್ಕಪತ್ರ ನೋಡಲಿ. ಇನ್ನೊಂದು ಮಾತು: ಮಕ್ಕಳೊಡನೆ ಸಭೆ, ಪ್ರವಾಸ ಇರುವಾಗ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ಹೆತ್ತವರಿಗೆ ತಿಳಿಯದಂತೆ ಮೊಬೈಲಿನಲ್ಲಿ ಗುಟ್ಟಿನ ಮಾತುಕತೆ ಕೂಡದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಮುಚ್ಚಿಡುವುದು ಅಪರಾಧ. ನಮ್ಮಲ್ಲಿ ಸುರಕ್ಷಿತವೆನ್ನಿಸದ ಮಗು ನಮ್ಮ ದೇವರನ್ನು ಹೇಗೆ ನಂಬೀತು?

ಬಿದರಿಯ ಬೆಳ್ಳಿ

ಬೀದರಿನ ಬಿದರಿ ಕೆಲಸಗಾರರನ್ನು ನೋಡಿದ್ದೀರಲ್ಲ. ಸತು, ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಬೆಳ್ಳಿಯನ್ನು ಅಂಟಿಸುವುದಿಲ್ಲ. ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ಮೆಲ್ಲಗೆ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಮಗುವಿನ ಪ್ರಶ್ನೆ ಅಂಥ ಗೆರೆ. ಅದು ಕೊರೆಯುವಾಗ ನಮಗೆ ನೋವಾಗುತ್ತದೆ. ಆದರೆ ವಿಶ್ವಾಸ ಒಳಗೆ ಕೂಡುವುದು ಅಲ್ಲಿಯೇ. ಮೇಲೆ ಅಂಟಿಸಿದ್ದು ಹೈದರಾಬಾದಿನ ಹಾಸ್ಟೆಲಿನಲ್ಲಿ ಮೊದಲ ತಿಂಗಳೇ ಉದುರಿಹೋದೀತು.

ಆ ಹುಡುಗ ಏನಾದ?

ಎರಡು ತಿಂಗಳ ಮೇಲೆ ನಾನು ಅವನ ಮನೆಗೆ ಹೋದೆ. ತಂದೆ ತೊಗರಿ ರಾಶಿಗೆ ಹೋಗಿದ್ದರು. ತಾಯಿ ಚಹಾ ಇಟ್ಟರು. ಹುಡುಗ ಬಾಗಿಲ ಹತ್ತಿರ ನಿಂತಿದ್ದ. "ಅವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಕೊಡದೆ ನಾನೇ ತಪ್ಪು ಮಾಡಿದೆ" ಎಂದೆ. ಅವನು ನೆಲ ನೋಡುತ್ತಾ, "ಅಪ್ಪ ನನ್ನ ಸಲುವಾಗೇ ಹಂಗ ಬರ್ಸ್ಯಾನ್ರಿ. ನೀವು ಅವನಿಗಿ ಬೈತೀರಿ ಅಂತ ನಾ ಬರ್ಲಿಲ್ಲ" ಎಂದ. ಅವನನ್ನು ದೇವಾಲಯದಿಂದ ದೂರ ಇಟ್ಟದ್ದು ತಂದೆಯ ಮೇಲಿನ ಪ್ರೀತಿ. ನಾನು ಅದನ್ನು ಅಸಡ್ಡೆ ಎಂದುಕೊಂಡಿದ್ದೆ.

ಅವನು ಈಗ ಪ್ರತಿ ಭಾನುವಾರ ಬರುತ್ತಾನೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ವಾರ ಬರುತ್ತಾನೆ, ಕೆಲವು ವಾರ ಇಲ್ಲ. ಬಂದಾಗ ಬಲಿಪೂಜೆ ಮುಗಿದ ಮೇಲೆ ನಿಂತು ಒಂದು ಪ್ರಶ್ನೆ ಕೇಳಿಯೇ ಹೋಗುತ್ತಾನೆ. ಸಂತ ಅಗಸ್ಟೀನರ ತಾಯಿ ಮೋನಿಕಾ ಎಷ್ಟು ವರ್ಷ ಕಣ್ಣೀರಿಟ್ಟು ಕಾದಳು! ಮಗ 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ 32 ವರ್ಷ. ಕಾಯುವುದೂ ನಮ್ಮ ಕೆಲಸದ ಒಂದು ಭಾಗ. ಬಾಗಿಲು ತೆರೆದಿಟ್ಟು ಕಾಯೋಣ.

ಈ ವಾರ ಮನೆಯಲ್ಲಿ ಚಿಂತಿಸಿ

1. ನಮ್ಮ ಮಗ ಅಥವಾ ಮಗಳು ಕೊನೆಯ ಸಲ ದೇವರ ಬಗ್ಗೆ ಕೇಳಿದ ಪ್ರಶ್ನೆ ಯಾವುದು? ನಾವು ಏನೆಂದೆವು?

2. ನಾನು ಯೇಸುವನ್ನು ಏಕೆ ನಂಬುತ್ತೇನೆ? ಮಕ್ಕಳಿಗೆ ಎರಡು ವಾಕ್ಯದಲ್ಲಿ ಹೇಳಬಲ್ಲೆನೇ?

3. ನಮ್ಮ ಧರ್ಮಕೇಂದ್ರದಲ್ಲಿ ಬರುವುದನ್ನು ನಿಲ್ಲಿಸಿದ ಒಬ್ಬ ಹುಡುಗ ಅಥವಾ ಹುಡುಗಿ ಯಾರು? ಅವರ ಮನೆಗೆ ಯಾರು, ಯಾವ ದಿನ ಹೋಗುತ್ತೀರಿ?

ನಜರೇತಿನ ಮನೆಯಲ್ಲಿ ಬೆಳೆದ ಪ್ರಭು ನಮ್ಮ ಮಕ್ಕಳನ್ನು ಜ್ಞಾನದಲ್ಲಿಯೂ ದೈವಾನುಗ್ರಹದಲ್ಲಿಯೂ ಬೆಳೆಸಲಿ. ಅವರ ಪ್ರಶ್ನೆಗಳನ್ನು ಹೃದಯದಲ್ಲಿಟ್ಟುಕೊಳ್ಳುವ ತಾಳ್ಮೆಯನ್ನು ಮಾತೆ ಮರಿಯಮ್ಮನವರು ನಮಗೆ ಬೇಡಿ ಕೊಡಲಿ.